‘ಆಂಬಿಷಸ್’ ಅಂದರೆ ಏನಂದಂತಾಯಿತು?

ಕಳೆದ ವರ್ಷ ಗೆಳೆಯನೊಬ್ಬನ ಮೊದಲ ಕಾದಂಬರಿಗೆ ವಿಮರ್ಶೆ ಬರೆದೆ. ‘ಇದೊಂದು ಮಹತ್ವಾಕಾಂಕ್ಷೆಯ ಕೃತಿ’ ಎಂದು ಮುಗಿಸಿ, ಕೆಲಸ ಆಯಿತೆಂದು ನಿರಾಳವಾದೆ. ಅಚ್ಚಾದ ಎರಡು ದಿನಕ್ಕೆ ಅವನ ಫೋನ್ ಬಂತು. “ಚೆನ್ನಾಗಿಲ್ಲ ಅಂತ ನೇರವಾಗಿ ಹೇಳಬಹುದಿತ್ತಲ್ಲೋ. ನಮ್ಮ ಆಫೀಸಲ್ಲಿ ಆಂಬಿಷಸ್ ಪ್ಲಾನ್ ಅಂದ್ರೆ ಆಗದ ಕೆಲಸ ಅಂತ ಅರ್ಥ.”

ಇಪ್ಪತ್ತು ವರ್ಷ ಮುಂಬಯಿಯ ಕಂಪನಿಗಳಲ್ಲಿ ದುಡಿದವನು. ಅವನ ಕಿವಿ ಮೋಸಹೋಗಿರಲಿಲ್ಲ. ನಾನು ಬರೆದದ್ದು ಕನ್ನಡದ ಪದ, ಮನಸ್ಸಿನಲ್ಲಿದ್ದದ್ದು ಇಂಗ್ಲಿಷಿನದು. ಇಂಗ್ಲಿಷ್ ಪುಸ್ತಕ ವಿಮರ್ಶೆಗಳಲ್ಲಿ ಈ ‘ಆಂಬಿಷಸ್’ ಎಷ್ಟೋ ಸಲ ಬರುವುದು ‘ಕೈ ಚಾಚಿದ್ದು ದೊಡ್ಡದಕ್ಕೆ, ಸಿಕ್ಕಿದ್ದು ಅಷ್ಟಿಲ್ಲ’ ಎಂಬುದನ್ನು ಮುಖ ಮುರಿಯದೆ ಹೇಳುವುದಕ್ಕೆ.

ಈ ಪದ ಹುಟ್ಟಿದ್ದೇ ಅನುಮಾನದ ನೆರಳಲ್ಲಿ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ‘ಸುತ್ತು ಹಾಕು’. ಪ್ರಾಚೀನ ರೋಮಿನಲ್ಲಿ ಚುನಾವಣೆಗೆ ನಿಂತವರು ಸುಣ್ಣದಿಂದ ಬೆಳ್ಳಗೆ ಮಾಡಿಕೊಂಡ ಉಡುಪು ಧರಿಸಿ, ಊರು ಸುತ್ತಿ, ಮತ ಕೇಳುತ್ತಿದ್ದರು. ಅದೇ ಬೇರಿನ ‘ಆಂಬಿಟಸ್’ ಎಂಬ ಪದ ಮತ ಕೊಳ್ಳುವ ಅಪರಾಧದ ಹೆಸರಾಯಿತು. ಕ್ರಿ.ಪೂ. 63ರಲ್ಲಿ ಸಿಸಿರೋ ಅದರ ವಿರುದ್ಧ ಕಾನೂನನ್ನೇ ತಂದ. (ನಮ್ಮ ಚುನಾವಣೆಗಳ ಬಿಳಿ ಬಟ್ಟೆ ನೋಡುವಾಗೆಲ್ಲ ನನಗೆ ಇದು ನೆನಪಾಗುತ್ತದೆ.)

ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಮೂರನೆಯ ಅಂಕದಲ್ಲಿ ಈ ಒಂದೇ ವಿಶೇಷಣದ ಮೇಲೆ ಒಂದು ಕೊಲೆಯ ಸಮರ್ಥನೆ ನಿಂತಿದೆ. ಸೀಸರ್ ಆಂಬಿಷಸ್ ಆಗಿದ್ದ, ಅದಕ್ಕೇ ಕೊಂದೆ ಎನ್ನುತ್ತಾನೆ ಬ್ರೂಟಸ್. ಪುರಾವೆ ಕೊಡುವುದಿಲ್ಲ, ಜನ ಕೇಳುವುದೂ ಇಲ್ಲ. ಆಮೇಲೆ ಆಂಟನಿ ಬರುತ್ತಾನೆ. ಸೆರೆಯಾಳುಗಳ ಬಿಡುಗಡೆಯ ಹಣ ಬೊಕ್ಕಸಕ್ಕೆ ಹೋಯಿತು, ಬಡವರು ಅತ್ತಾಗ ಸೀಸರ್ ಅತ್ತ, ಕಿರೀಟವನ್ನು ಮೂರು ಸಲ ಬೇಡವೆಂದ: ಒಂದೊಂದನ್ನೂ ಆ ಪದದ ಪಕ್ಕ ಇಟ್ಟು ತೂಗುತ್ತಾನೆ. ಆಂಟನಿ ಸಾಚಾ ಮನುಷ್ಯನೇನಲ್ಲ. ಆದರೆ ಅವನ ಕೈಲಿ ತಕ್ಕಡಿಯಾದರೂ ಇತ್ತು. ನನ್ನ ವಿಮರ್ಶೆಯಲ್ಲಿ ಅದೂ ಇರಲಿಲ್ಲ, ನಾನು ಬ್ರೂಟಸ್ಸನ ಹಾಗೆ ಪದ ಎಸೆದು ಕೆಳಗಿಳಿದಿದ್ದೆ.

ಕನ್ನಡದಲ್ಲಿ ತೊಂದರೆ ಇನ್ನೂ ಹೆಚ್ಚು. ‘ಮಹತ್ವಾಕಾಂಕ್ಷೆ’ಯಲ್ಲಿ ಮಹತ್ವ ಮೊದಲೇ ಕೂತುಬಿಟ್ಟಿದೆ. ಬ್ರೂಟಸ್ಸನ ಬಾಯಲ್ಲಿ ಸೀಸರನನ್ನು ‘ಮಹತ್ವಾಕಾಂಕ್ಷಿ’ ಎನ್ನಿಸಿದರೆ, ಅಂಥವನನ್ನು ಯಾಕಪ್ಪಾ ಕೊಂದೆ ಎಂದು ಸಭಿಕರು ಕೇಳಿಯಾರು. ಅಲ್ಲಿಗೆ ಬೇಕಾದ್ದು ‘ಅಧಿಕಾರದಾಹಿ’ಯಂಥ ಪದ. ಪುಸ್ತಕಕ್ಕೆ ಬಂದರೆ ಅದೇ ‘ಮಹತ್ವಾಕಾಂಕ್ಷೆಯ’ ಎಂಬುದು ಬೆನ್ನುಡಿಯ ಹಾರವಾಗುತ್ತದೆ. ಇಂಗ್ಲಿಷಿನ ಅನುಮಾನ ಇಳಿದುಹೋಗಿ ಹೊಗಳಿಕೆಯಷ್ಟೇ ಉಳಿಯುತ್ತದೆ. ಬರೆದವನು ಕೊಂಕಾಡಿದ್ದನ್ನು ಓದಿದವರು ಶಹಬ್ಬಾಸ್ ಎಂದುಕೊಳ್ಳುತ್ತಾರೆ. ಇಬ್ಬರ ನಡುವೆ ಪುಸ್ತಕ ಅನಾಥ.

ಹಾಗಂತ ಪದವನ್ನೇ ಬಿಡಬೇಕಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮಹತ್ವಾಕಾಂಕ್ಷೆಯ ಕಾದಂಬರಿ ಎಂದು ನಾನು ಇವತ್ತೂ ಧೈರ್ಯವಾಗಿ ಹೇಳುತ್ತೇನೆ. ಆದರೆ ಮುಂದಿನ ವಾಕ್ಯದಲ್ಲಿ ಆಕಾಂಕ್ಷೆ ಯಾವುದಕ್ಕೆ ಎಂದೂ ಹೇಳುತ್ತೇನೆ: ಮುಂಬಯಿಯ ಒಂದು ಕಂಪನಿಯಲ್ಲಿ ನಾಗಪ್ಪನೆಂಬ ಅಧಿಕಾರಿಯ ಅಮಾನತು ಎಂಬಷ್ಟರಿಂದ ಹೊರಟು, ಮನುಷ್ಯ ಮನುಷ್ಯನನ್ನು ಯಾಕೆ ಬೇಟೆಯಾಡುತ್ತಾನೆ ಎಂಬಲ್ಲಿಯವರೆಗೆ ಹೋಗುವುದಕ್ಕೆ. ನಾಗಪ್ಪನ ತಲೆಯೊಳಗಿನ ಸುತ್ತು ಕೆಲವು ಕಡೆ ನನಗೆ ಉಸಿರು ಕಟ್ಟಿಸುತ್ತದೆ, ದೀರ್ಘವೆನಿಸುತ್ತದೆ. ಅದನ್ನೂ ಹೇಳಬೇಕು. ಪ್ರಮೋಷನ್ನಿನ ಪೈಪೋಟಿಯಲ್ಲಿರುವ ಗೆಳೆಯರಿಗೆ ಆ ಪುಸ್ತಕ ಕೊಟ್ಟರೆ ಮೊದಲ ಅಧ್ಯಾಯಗಳಲ್ಲೇ ಬೆವರುತ್ತಾರೆ, ಅದು ಬೇರೆ ಮಾತು.

ಗೆಳೆಯನ ಕಾದಂಬರಿಯನ್ನು ಮತ್ತೆ ಓದಿದೆ. ಮೂರು ತಲೆಮಾರುಗಳನ್ನು ಒಂದೇ ಮನೆಯ ಮೂಲಕ ಹೇಳುವ ಆಸೆ ಅವನದು. ಅಜ್ಜನ ಭಾಗ ನಿಧಾನ, ಗಟ್ಟಿ. ಮಗ ಮುಂಬಯಿಗೆ ಬಂದಮೇಲೆ ಪುಟಗಳು ಲೋಕಲ್ ಹಿಡಿಯುವವರಂತೆ ಓಡುತ್ತವೆ. ಮೊಮ್ಮಗಳು ಬರೀ ಹೆಸರು. ಇಷ್ಟನ್ನೇ, ಪುಟಸಂಖ್ಯೆಯ ಸಮೇತ, ಆ ವಿಶೇಷಣವಿಲ್ಲದೆ ಬರೆದು ಅವನಿಗೆ ಕಳಿಸಿದೆ.

ಮರುದಿನ ರಾತ್ರಿ ಫೋನ್ ಮಾಡಿ ಒಂದು ಗಂಟೆ ಜಗಳವಾಡಿದ. ಮೊಮ್ಮಗಳ ವಿಷಯದಲ್ಲಿ ಒಪ್ಪಿಕೊಂಡ. ಮಗನ ಅವಸರ ಬೇಕೆಂದೇ ಮಾಡಿದ್ದಂತೆ. ಆ ಪುಟಗಳನ್ನು ನಾನು ಇನ್ನೊಮ್ಮೆ ಓದಬೇಕು.