ಕೆಂಪು ದಾರದ ತಪ್ಪೊಪ್ಪಿಗೆ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಹಳೆಯ ಸ್ಯಾಂಪ್ಲರ್‌ಗಳ ನಡುವೆ ಎಲಿಜಬೆತ್ ಪಾರ್ಕರ್ 1830ರ ಸುಮಾರಿಗೆ ಹೊಲಿದದ್ದು ಎದ್ದು ಕಾಣುತ್ತದೆ. ಅದರಲ್ಲಿ ಹೂಬಳ್ಳಿಯಿಲ್ಲ, ಚಿತ್ತಾರದ ಅಂಚಿಲ್ಲ. ಲಿನನ್ ಬಟ್ಟೆಯ ಮೇಲೆ ಕೆಂಪು ರೇಷ್ಮೆ ದಾರದ ಪುಟಾಣಿ ಅಕ್ಷರಗಳು ಒತ್ತೊತ್ತಾಗಿ 46 ಸಾಲು ಸಾಗುತ್ತವೆ.

ಸ್ಯಾಂಪ್ಲರ್ ಎಂದರೆ ಮೊದಲಿಗೆ ಹೊಲಿಗೆಯ ನಮೂನೆಗಳನ್ನು ಕಾಪಿಡುವ ಬಟ್ಟೆ. 1668ರಲ್ಲಿ ಎಂಟು ವರ್ಷದ ಮಾರ್ತಾ ಎಡ್ಲಿನ್ ಹೊಲಿದ ಬಣ್ಣದ ಪಟ್ಟಿಗಳಲ್ಲಿ ಕೈಚಳಕದ ಹಿಗ್ಗು ಕಾಣುತ್ತದೆ. ಮುಂದೆ ಅದು ಶಾಲೆಯ ಪಾಠವಾಯಿತು: ವರ್ಣಮಾಲೆ, ಅಂಕಿ, ವಿಧೇಯತೆಯನ್ನೂ ಸಾವನ್ನೂ ನೆನಪಿಸುವ ನೀತಿಪದ್ಯ, ಕೊನೆಗೆ ಹೆಸರು, ವಯಸ್ಸು. ಬಡ ಹುಡುಗಿಯರಿಗಂತೂ ಕ್ರಾಸ್ ಸ್ಟಿಚ್ ಅಕ್ಷರ ಹೊಟ್ಟೆಪಾಡಿನ ವಿದ್ಯೆ. ಕೆಲಸಕ್ಕಿದ್ದ ಮನೆಯ ಹಾಸು ಹೊದಿಕೆಗಳಿಗೆ ಗುರುತು ಹಾಕಲು ಅದು ಬೇಕಿತ್ತು.

1813ರಲ್ಲಿ ಸಸೆಕ್ಸ್‌ನ ಆಶ್‌ಬರ್ನಮ್‌ನಲ್ಲಿ ಹುಟ್ಟಿದ ಎಲಿಜಬೆತ್, ಚಿಕ್ಕಂದಿನಲ್ಲೇ ಮನೆಗೆಲಸಕ್ಕೆ ಸೇರಿದವಳು. ತನಗೆ ಬರೆಯಲು ಬಾರದು ಎಂದೇ ಅವಳ ನಿರೂಪಣೆ ಶುರುವಾಗುತ್ತದೆ. ಯಜಮಾನನ ದುರುದ್ದೇಶಕ್ಕೆ ಮಣಿಯದ ಅವಳನ್ನು ಮೆಟ್ಟಿಲಿನಿಂದ ಕೆಳಕ್ಕೆ ತಳ್ಳಲಾಯಿತು. ಮುಂದೆ ಪ್ರಾಣ ಕಳೆದುಕೊಳ್ಳುವ ಯೋಚನೆ ಬೆನ್ನುಹತ್ತಿತು. ಬೇರೆಯವರ ಬಟ್ಟೆಗೆ ಗುರುತು ಹಾಕಲು ಕಲಿಸಿದ ಹೊಲಿಗೆಯಲ್ಲಿ ಅವಳು ತನ್ನ ಬಾಳನ್ನು ಬರೆದಳು. ರೂಪದ ಮಟ್ಟಿಗೆ ಇದು ದೊಡ್ಡ ಬಂಡಾಯ. ಎಳೆ ಎಣಿಸಿ, ಒಂದೊಂದು ಅಕ್ಷರಕ್ಕೂ ಹಲವು ಬಾರಿ ಸೂಜಿ ಚುಚ್ಚಬೇಕಾದ ಕೆಲಸದಲ್ಲಿ ಮಾತು ಬಾಯ್ತಪ್ಪಿ ಬರುವುದಿಲ್ಲ. ಹಾಗಾಗಿ ಇದನ್ನು ಬರೀ ಗೋಳೆಂದು ಕರೆಯುವವರು ಅವಳ ಸಂಯಮವನ್ನು ಕಾಣಲಿಲ್ಲವೆಂದೇ ಅರ್ಥ.

ಆದರೆ ಭಾಷೆಯ ಮಟ್ಟಿಗೆ ಅವಳಿಗೆ ಬಿಡುಗಡೆ ಸಿಗಲಿಲ್ಲ. ಯಜಮಾನನ ಅಪರಾಧ ಬೇಗ ಮುಗಿದುಹೋಗುತ್ತದೆ. ತನ್ನದೇ ಪಾಪ, ಪಶ್ಚಾತ್ತಾಪ, ದೇವರ ಕ್ಷಮೆಯ ಮಾತುಗಳು ಮತ್ತೆ ಮತ್ತೆ ಬಂದು ಬಟ್ಟೆಯನ್ನು ತುಂಬುತ್ತವೆ. ಓದಿಗೆ ಅದು ಭಾರವೂ ಹೌದು. ನೀತಿಪದ್ಯ ಹೊಲಿದು ಬೆಳೆದ ತಲೆಮಾರಿಗೆ ನೋವು ಹೇಳಿಕೊಳ್ಳಲು ಇದ್ದದ್ದು ತಪ್ಪೊಪ್ಪಿಗೆಯ ನುಡಿಗಟ್ಟು ಮಾತ್ರ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತನ್ನ ಆತ್ಮದ ಗತಿಯೇನು ಎಂಬ ಪ್ರಶ್ನೆಗೆ ಬಂದು ಹೊಲಿಗೆ ಅಲ್ಲಿಗೇ ನಿಂತಿದೆ. ಬದುಕು ನಿಲ್ಲಲಿಲ್ಲ, ಆಕೆ ಮುಂದೆ ಶಾಲೆಯಲ್ಲಿ ಪಾಠ ಹೇಳಿ, 1889ರವರೆಗೆ ಬಾಳಿದಳು. ಈ ಸಂಗತಿಯಿಂದ ನೋಡುಗರಿಗೆ ಸಮಾಧಾನವಾಗಬಹುದು, ಕೃತಿಯ ಅಳತೆ ಮಾತ್ರ ಬದಲಾಗದು. ಒಪ್ಪವಾಗಿ ಮುಗಿಸುವುದನ್ನೇ ಗುಣವೆಂದು ಕಲಿಸಿದ ಕಲೆಯಲ್ಲಿ ಉತ್ತಮ ಕೃತಿಯೊಂದು ಮುಗಿಯದೆ ಉಳಿದದ್ದು ಆ ಕಲಿಕೆಯ ಮೇಲೇ ಹೊರಿಸಬೇಕಾದ ಆರೋಪ.