ತಜ್ಞರ ಸಲಹೆಗೆ ಜಿಲ್ಲೆಯ ಗಡಿಯೇ?

2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹುಣಸೂರಿನ ತಗ್ಗು ಪ್ರದೇಶಗಳಿಗೆ ನುಗ್ಗಿತು. ಅದೇ ದಿನಗಳಲ್ಲಿ ಎಚ್.ಡಿ.ಕೋಟೆ ಬಳಿಯ ಕಬಿನಿ ಜಲಾಶಯದಿಂದ ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿದ್ದು, ಮೈಸೂರು-ನಂಜನಗೂಡು ರಸ್ತೆ ಜಲಾವೃತವಾಯಿತು. ಈ ನೀರಿನ ಬಹುಪಾಲು ಮಳೆಯಾಗಿ ಸುರಿದದ್ದು ಮೈಸೂರು ಜಿಲ್ಲೆಯಲ್ಲಲ್ಲ. ಕೊಡಗು ಮತ್ತು ವಯನಾಡಿನಲ್ಲಿ. ಪಿರಿಯಾಪಟ್ಟಣ, ಕೆ.ಆರ್.ನಗರಗಳ ಕಾವೇರಿ ತೀರದ ಸ್ಥಿತಿಯೂ ಇದೇ.

ಆದರೆ ಹವಾಮಾನ ಮುನ್ನೆಚ್ಚರಿಕೆ ಜನರಿಗೆ ತಲುಪುವುದು ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ. ‘ಭಾರಿ ಮಳೆ’ ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಈ ವ್ಯಾಖ್ಯೆ ಸರಿಯೇ. ಆದರೆ ನದಿ ದಂಡೆಯ ರೈತನಿಗೆ ಬೇಕಾದುದು ಬೇರೆ: ಎಷ್ಟು ನೀರು, ಯಾವಾಗ?

ಸರಳ ಲೆಕ್ಕ ನೋಡೋಣ. ಕಬಿನಿ ಜಲಾಶಯದ ಜಲಾನಯನ ಪ್ರದೇಶ ಸುಮಾರು 2,142 ಚದರ ಕಿ.ಮೀ. ಅಲ್ಲೆಲ್ಲ 100 ಮಿ.ಮೀ. ಮಳೆಯಾಗಿ, ಅದರ ಅರ್ಧ ಹರಿದು ಬಂದರೂ ಸುಮಾರು 3.8 ಟಿಎಂಸಿ. ಜಲಾಶಯದ ಸಾಮರ್ಥ್ಯ 19.52 ಟಿಎಂಸಿ. ಒಳಹರಿವು ಲಕ್ಷ ಕ್ಯೂಸೆಕ್ ಮುಟ್ಟಿದರೆ ದಿನಕ್ಕೆ 8.64 ಟಿಎಂಸಿ, ಬರಿದಾದ ಜಲಾಶಯವೂ ಎರಡೂಕಾಲು ದಿನದಲ್ಲಿ ತುಂಬುತ್ತದೆ. ಹೊರಹರಿವನ್ನು ಒಂದು ದಿನ ಅದರ ಅರ್ಧಕ್ಕೆ ತಡೆಯಲು 4.32 ಟಿಎಂಸಿ ಜಾಗ ಮೊದಲೇ ಖಾಲಿ ಇರಬೇಕು.

ಖಾಲಿ ಇಡುವುದು ಸುಲಭವಲ್ಲ. ಮಳೆ ಕೈಕೊಟ್ಟರೆ? 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ತಮಿಳುನಾಡಿಗೆ ವಾಡಿಕೆಯ ವರ್ಷದಲ್ಲಿ 177.25 ಟಿಎಂಸಿ ಬಿಡಬೇಕೆಂಬ 2018ರ ಸುಪ್ರೀಂ ಕೋರ್ಟ್ ತೀರ್ಪೂ ಇದೆ. ಆದ್ದರಿಂದ ಗೇಟು ತೆರೆಯಲು ಹಿಂಜರಿಯುವ ಎಂಜಿನಿಯರನನ್ನಷ್ಟೇ ದೂರುವುದು ನ್ಯಾಯವಲ್ಲ.

ಕೊರತೆ ಇರುವುದು ಸಲಹೆಯ ಸ್ವರೂಪದಲ್ಲಿ. ‘ಮಳೆಯಾಗುವ ಸಾಧ್ಯತೆ ಇದೆ’ ಎಂದರೆ ಸಾಲದು. ಸಂಭವನೀಯತೆ ಎಷ್ಟು, ನೀರು ಬಿಟ್ಟರೆ ಆಗುವ ನಷ್ಟವೇನು, ಬಿಡದಿದ್ದರೆ ಏನು ಎಂಬುದನ್ನು ನದಿ ಕಣಿವೆವಾರು ತಿಳಿಸಬೇಕು. ಲಕ್ಷ್ಮಣತೀರ್ಥದ ಪ್ರವಾಹವನ್ನು ಹುಣಸೂರಿಗಿಂತ ಮೇಲೆ ತಡೆದು ನಿಲ್ಲಿಸುವ ದೊಡ್ಡ ಜಲಾಶಯವಿಲ್ಲ. ಅಲ್ಲಿ ಮುನ್ಸೂಚನೆಯೊಂದೇ ರಕ್ಷಣೆ. ವಯನಾಡಿನ ಮುತ್ತಂಕೆರೆಯಲ್ಲಿ ಕೇಂದ್ರ ಜಲ ಆಯೋಗವು ಕಬಿನಿಯ ಹರಿವನ್ನು ಅಳೆಯುತ್ತದೆ. ಇಂಥ ಅಳತೆಗಳು ಕೆಳಗಿನ ಹಳ್ಳಿಗೆ ಅರ್ಥವಾಗುವ ಮಾತಾಗಬೇಕು.

ನಿರ್ಧಾರ ಸರ್ಕಾರದ್ದು, ನಿಜ. ಆದರೆ ಮಳೆಗಾಲ ಮುಗಿದ ಮೇಲೆ ಮುನ್ಸೂಚನೆ, ಒಳಹರಿವು, ಹೊರಹರಿವುಗಳನ್ನು ಅಕ್ಕಪಕ್ಕ ಇಟ್ಟು ಪ್ರಕಟಿಸಲಿ. ಪರೀಕ್ಷೆಗೆ ಒಡ್ಡಿಕೊಳ್ಳದ ಸಲಹೆ, ಯಾರೇ ನೀಡಿರಲಿ, ವಿಜ್ಞಾನವೆನಿಸದು.