ಹಲಗಲಿಯ ಲಾವಣಿಯ ರಸವಿಚಾರ

ಫ್ಲೀಟ್ ಸಾಹೇಬರು ಸಂಗ್ರಹಿಸಿದ ಹಲಗಲಿಯ ಬೇಡರ ಲಾವಣಿಯನ್ನು ವೀರಗೀತವೆಂದೆಣಿಸುವುದು ವಾಡಿಕೆ. 1857 ರಲ್ಲಿ ಕುಂಪಣಿ ಸರಕಾರವು ಪ್ರಜೆಗಳನ್ನು ನಿರಾಯುಧರನ್ನಾಗಿಸುವ ಶಾಸನವನ್ನು ಹೊರಡಿಸಲು, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿದರು. ದಂಡು ಬಂದಿತು, ಊರು ಉರಿಯಿತು, ಹಲವರು ಗಲ್ಲಿಗೇರಿದರು.

ಲಾವಣಿಕಾರನು ಹನುಮ, ಬಾಲ, ಜಡಗ, ರಾಮ ಇವರ ಕೆಚ್ಚನ್ನು ಕೊಂಡಾಡಿರುವನು, ದಿಟ. ಆದರೆ ಕಾವ್ಯಮರ್ಮವಿರುವುದು ಕೊನೆಯ ಸೂರೆಯ ವರ್ಣನೆಯಲ್ಲಿ. ಹತಾರ ಕೇಳಲು ಬಂದವರು ಕುಡ, ಕೊಡಲಿ, ಉಪ್ಪು, ಎಣ್ಣೆ, ಅರಿಸಿನಗಳನ್ನೂ ಬೀಸುವ ಕಲ್ಲನ್ನೂ ಬಿಡಲಿಲ್ಲ. ಕತ್ತಿಯ ಕಥೆಯು ಅಡಿಗೆಮನೆಯಲ್ಲಿ ಮುಗಿಯುವುದು. ಇಲ್ಲಿ ವೀರವು ಅಂಗ, ಕರುಣವೇ ಅಂಗಿ.

ಆದುದರಿಂದ ಇದನ್ನು ಶಸ್ತ್ರಸ್ತುತಿಯೆಂದು ತಿಳಿದವರದು ಅರ್ಧದ ಓದು. ಶಸ್ತ್ರದ ವಿಷಯದಲ್ಲಿ ದೇಶದ ಅಭಿಪ್ರಾಯವೂ ಒಂದೇ ತೆರನಾಗಿ ನಿಂತಿಲ್ಲ. 1931 ರ ಕರಾಚಿ ಕಾಂಗ್ರೆಸ್ಸು, ನಿಯಮಗಳಿಗೊಳಪಟ್ಟು ಆಯುಧವಿಟ್ಟುಕೊಳ್ಳುವುದು ಪ್ರಜೆಯ ಹಕ್ಕೆಂದು ಸಾರಿತು. 1950 ರ ಸಂವಿಧಾನವು ಅದನ್ನು ಕೈಬಿಟ್ಟು, ನಿರಾಯುಧರಾಗಿ ಶಾಂತಿಯಿಂದ ಸಭೆ ಸೇರುವ ಹಕ್ಕನ್ನಿತ್ತಿತು. 1959 ರ ಕಾಯಿದೆಯು ಪರವಾನಗಿಯ ಪದ್ಧತಿಯನ್ನು ಮುಂದುವರಿಸಿತು. ಇಂದು ಚುನಾವಣೆಯ ಕಾಲಕ್ಕೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿಯೂ ಪರವಾನಗಿಯುಳ್ಳವರಿಗೆ ಬಂದೂಕನ್ನು ಪೋಲೀಸು ಠಾಣೆಗೊಪ್ಪಿಸಲು ಆಜ್ಞೆ ಬರುವುದುಂಟು. ಗೊಣಗುವವರುಂಟು, ದಂಗೆಯೇಳುವವರಿಲ್ಲ. ಆಜ್ಞಾಪಿಸುವ ಸರಕಾರವನ್ನು ಅದೇ ಚುನಾವಣೆಯಲ್ಲಿ ಇಳಿಸುವ ಶಕ್ತಿ ಪ್ರಜೆಗಿದೆ. ಹಲಗಲಿಯವರಿಗೆ ಆ ಶಕ್ತಿಯಿರಲಿಲ್ಲ.

ಆದರೂ ಲಾವಣಿಯು ಹಳತಾಗಲಿಲ್ಲ. ಸರಕಾರದ ಕೈ ಹತಾರದಲ್ಲಿಯೇ ನಿಲ್ಲುವುದೋ, ಬೀಸುವ ಕಲ್ಲಿನವರೆಗೂ ಚಾಚುವುದೋ ಎಂಬುದೇ ಯಾವ ಆಳಿಕೆಗಾದರೂ ಅದು ಹಿಡಿಯುವ ಅಳತೆಗೋಲು.